ಅಪ್‌ಡೇಟ್: ಸುರುಳಿ ಬಿಚ್ಚದೆ ಕೇಬಲ್ಲಿನ ಉದ್ದ ಅಳೆದದ್ದು

ಸೋಮವಾರಪೇಟೆ ಬಳಿಯ ನಮ್ಮ ಕಾಫಿ ತೋಟದಲ್ಲಿ ಉಳಿದಿದ್ದ, ಮೀಟರ್ ಗುರುತುಗಳು ಅಳಿಸಿಹೋದ 2.5 ಚದರ ಮಿ.ಮೀ. ಪಂಪ್ ಕೇಬಲ್ಲಿನ ಉದ್ದವನ್ನು ಸುರುಳಿ ಬಿಚ್ಚದೆ ತಿಳಿಯುವ ಬಗೆ ಕೇಳಿದ್ದೆ. ನೀವು ಸೂಚಿಸಿದಂತೆ ಒಂದು ತುದಿಯಲ್ಲಿ ಎರಡು ಕೋರ್‌ಗಳನ್ನು (ಕೇಬಲ್ಲಿನೊಳಗಿನ ತಾಮ್ರದ ತಂತಿಗಳನ್ನು) ಬಿಗಿಯಾಗಿ ಜೋಡಿಸಿ, ಇನ್ನೊಂದು ತುದಿಯಲ್ಲಿ ಮಲ್ಟಿಮೀಟರ್ ಹಿಡಿದು, ಮೀಟರಿನ ತಂತಿಗಳ ರೋಧವನ್ನು ಕಳೆದಾಗ 3.2 ಓಮ್ ಬಂತು. ಇಂತಹ, ಅನೇಕ ತೆಳು ಎಳೆಗಳ ಬಾಗುವ ತಾಮ್ರದ ಕೋರ್‌ಗೆ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಿಲೋಮೀಟರಿಗೆ ಗರಿಷ್ಠ 7.98 ಓಮ್ ಎಂಬುದು ಮಾನಕ. ವಿದ್ಯುತ್ತು ಹೋಗಿಬರುವ ದಾರಿ ಇಮ್ಮಡಿಯಾದ್ದರಿಂದ ಉದ್ದ ಸುಮಾರು 200 ಮೀಟರ್, ತಾಮ್ರ ಇನ್ನೂ ಉತ್ತಮವಾಗಿದ್ದರೆ ತುಸು ಹೆಚ್ಚು.

ಆದರೆ 0.1 ಓಮ್ ವ್ಯತ್ಯಾಸವೆಂದರೆ ಆರು ಮೀಟರ್. ಸಾಮಾನ್ಯ ಮಲ್ಟಿಮೀಟರಿನಿಂದ ಅದಕ್ಕಿಂತ ಸೂಕ್ಷ್ಮತೆಯನ್ನು ನಿರೀಕ್ಷಿಸುವಂತಿಲ್ಲ. ಉಷ್ಣಾಂಶ ಒಂದು ಡಿಗ್ರಿ ಏರಿದರೆ ರೋಧವೂ ಶೇ. 0.4ರಷ್ಟು ಏರುತ್ತದೆಯಾದ್ದರಿಂದ ಬಿಸಿಲಿಗೆ ಮುನ್ನ, ನೆರಳಿನಲ್ಲೇ ಅಳೆದೆ. ಬಳಿಕ ಒಂದು ಮೀಟರ್ ತುಂಡನ್ನು ಕತ್ತರಿಸಿ ತೂಗಿ, ಇಡೀ ಸುರುಳಿಯನ್ನು ಕಾಫಿ ಮೂಟೆಯ ತಕ್ಕಡಿಗೆ ಹಾಕಿ ಭಾಗಿಸಿದಾಗ 204 ಮೀಟರ್ ಬಂತು. ಕೆರೆಯವರೆಗೆ ಬೇಕಿರುವುದು 180 ಮೀಟರ್ ಮಾತ್ರ.