ಅಪ್‌ಡೇಟ್: 5800ಎಕ್ಸ್‌ಗೆ ದೊಡ್ಡ ಏರ್ ಕೂಲರ್ ಹಾಕಿದ ಮೇಲೆ

ದಾವಣಗೆರೆ ಬಿಸಿಲಲ್ಲಿ ವಿಡಿಯೊ ರೆಂಡರ್‌ಗೆ ಹಾಕಿದರೆ ನನ್ನ ಕಂಪ್ಯೂಟರಿನ ಪ್ರೊಸೆಸರ್ ರೈಜನ್ 7 5800ಎಕ್ಸ್ 90 ಡಿಗ್ರಿ ಮುಟ್ಟುತ್ತದೆ, ನೊಕ್ಟುವಾ ಎನ್‌ಎಚ್-ಡಿ15 ಅನ್ನೋ, ಪ್ರೊಸೆಸರನ್ನು ಗಾಳಿಯಿಂದ ತಣ್ಣಗಿಡುವ ಕೂಲರ್ ತಗೊಳ್ಳಲಾ ಅಂತ ಕೇಳಿದ್ದೆ ಅಲ್ವಾ? ತಗೊಂಡೆ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

ಅದಕ್ಕೂ ಮೊದಲು ಪ್ರೊಸೆಸರ್ ಮತ್ತು ಕೂಲರ್ ನಡುವೆ ಹಚ್ಚುವ ಥರ್ಮಲ್ ಪೇಸ್ಟ್ ಬದಲಿಸಿದೆ, ಹೆಚ್ಚೇನೂ ವ್ಯತ್ಯಾಸ ಕಾಣಲಿಲ್ಲ. ಕ್ಯಾಬಿನೆಟ್‌ನ ಪಕ್ಕದ ಬಾಗಿಲು ತೆಗೆದಿಟ್ಟರೆ ಧೂಳು ಜಾಸ್ತಿ ಆಯ್ತು, ಅಷ್ಟೇ.

ಹೊಸ ಕೂಲರ್‌ನಿಂದ ಶಬ್ದ ತುಂಬಾ ಕಡಿಮೆಯಾಯಿತು. ರಾತ್ರಿ ರೆಂಡರ್‌ಗೆ ಬಿಟ್ಟು ಅದೇ ರೂಮಲ್ಲಿ ಮಲಗಬಹುದು. ಆದರೆ ಬಿಸಿ ಅಂದುಕೊಂಡಷ್ಟು ಇಳಿಯಲಿಲ್ಲ. ಈ ಪ್ರೊಸೆಸರ್‌ನ ಎಂಟೂ ಕೋರ್ (ಲೆಕ್ಕ ಮಾಡುವ ಘಟಕ) ಒಂದೇ ಪುಟ್ಟ ಚಿಪ್‌ನಲ್ಲಿವೆ. ಅಷ್ಟು ಚಿಕ್ಕ ಜಾಗದಿಂದ ಬಿಸಿ ಹೊರಗೆ ದಾಟುವುದೇ ಕಷ್ಟವಂತೆ. ಮೇಲೆ ಎಷ್ಟು ದೊಡ್ಡ ಕೂಲರ್ ಕೂರಿಸಿದರೂ ಆ ತಡೆ ಹೋಗುವುದಿಲ್ಲ. ಇದು ನನಗೆ ನಿಜಕ್ಕೂ ಹೊಸ ವಿಷಯ.

ಕೊನೆಗೆ ಕೈಹಿಡಿದದ್ದು ಬಯೋಸ್‌ನಲ್ಲಿ (ಕಂಪ್ಯೂಟರ್ ಶುರುವಾಗುವಾಗ ತೆರೆಯುವ ಸೆಟ್ಟಿಂಗ್ಸ್) 65 ವ್ಯಾಟ್ ಇಕೋ ಮೋಡ್ ಹಾಕಿ ಅಂದವರ ಸಲಹೆ. ಹೆಸರಲ್ಲಿ 65 ಇದ್ದರೂ, ಪ್ರೊಸೆಸರ್ ಎಳೆಯುವ ಕರೆಂಟಿನ ನಿಜವಾದ ಮಿತಿ 142 ವ್ಯಾಟ್‌ನಿಂದ 88ಕ್ಕೆ ಇಳಿಯುತ್ತದೆ. ಈಗ ಮಧ್ಯಾಹ್ನದ ಸೆಕೆಯಲ್ಲೂ ಬಿಸಿ 70 ಡಿಗ್ರಿಯ ಆಸುಪಾಸಿನಲ್ಲಿದೆ. ರೆಂಡರ್ ಸ್ವಲ್ಪ ನಿಧಾನ, ನನ್ನ ಕೆಲಸಕ್ಕೆ ಅಡ್ಡಿಯಿಲ್ಲ. ಹಾಗಾಗಿ ದುಡ್ಡು ಕೊಡುವ ಮೊದಲು ಇದನ್ನು ಮಾಡಿ ನೋಡಿ, ಖರ್ಚೇ ಇಲ್ಲ.

ಆಮೇಲೂ ಕೂಲರ್ ಬೇಕೆನಿಸಿದರೆ ಕ್ಯಾಬಿನೆಟ್ ಅಳೆದುಕೊಳ್ಳಿ. ಈ ಕೂಲರಿನ ಎತ್ತರ 165 ಮಿ.ಮೀ. ರ‍್ಯಾಮ್ 32 ಮಿ.ಮೀ.ಗಿಂತ ಎತ್ತರವಿದ್ದರೆ ಮುಂದಿನ ಫ್ಯಾನ್ ಮೇಲಕ್ಕೆ ಸರಿಸಬೇಕು, ಆಗ ಇನ್ನೂ ಜಾಗ ಬೇಕಾಗುತ್ತದೆ.