ಹಸಿರು ಕಂಡರೆ ಸಾಲದು, ಬಾಯಿಗೆ ಸಿಗಬೇಕು

ತಮ್ಮಾ, ನಿನ್ನ ಧ್ವನಿ ಸಂದೇಶವನ್ನು ಎರಡು ಸಲ ಕೇಳಿದೆ. ಹುಲ್ಲುಗಾವಲು ಹಸಿರಾಗಿಯೇ ಇದೆ, ಆದರೂ ಹತ್ತು ಕಡಸುಗಳಲ್ಲಿ ಒಂದರ ತೂಕವೂ ತಿಂಗಳಿನಿಂದ ಏರಿಲ್ಲ, ಇನ್ನೂ ಐದನ್ನು ತಂದು ಬಿಡಲೇ ಎಂದು ಕೇಳಿದ್ದೀಯ. ಬೇಡ, ಈಗ ಖಂಡಿತ ತರಬೇಡ.

ನೀನು ಕಳುಹಿಸಿದ ಫೋಟೊವನ್ನು ಇನ್ನೊಮ್ಮೆ ನೋಡು. ಕಡಸಿನ ಗೊರಸು ಪೂರ್ತಿ ಕಾಣುತ್ತಿದೆ. ಹುಲ್ಲು ಅಷ್ಟು ಗಿಡ್ಡ. ದನಕ್ಕೆ ಮೇಲ್ದವಡೆಯ ಮುಂದೆ ಹಲ್ಲಿಲ್ಲ. ನಾಲಿಗೆ ಚಾಚಿ, ಹುಲ್ಲನ್ನು ಸುತ್ತಿ ಎಳೆದು ಕಿತ್ತುಕೊಳ್ಳುತ್ತದೆ. ಸುತ್ತಲು ಉದ್ದವೇ ಇಲ್ಲದಿದ್ದರೆ ತುತ್ತು ಚಿಕ್ಕದಾಗುತ್ತದೆ. ಹೆಚ್ಚು ಹೊತ್ತು ಮೇಯ್ದು ಸರಿದೂಗಿಸಲು ನೋಡುತ್ತದೆ ಪಾಪ, ಆದರೆ ಮೆಲುಕು ಹಾಕಲೂ ಮಲಗಲೂ ಹೊತ್ತು ಬೇಕಲ್ಲ. 200 ಕಿಲೊ ತೂಗುವ ಕಡಸಿಗೆ ದಿನಕ್ಕೆ ಒಣತೂಕದಲ್ಲಿ, ಅಂದರೆ ನೀರಿನಂಶ ಕಳೆದು, ಸುಮಾರು 5 ಕಿಲೊ ಮೇವು ಬೇಕು. ಎಳೆಯ ಹಸಿಹುಲ್ಲಾದರೆ 25 ಕಿಲೊ ಆಸುಪಾಸು. ಅದರ ದೊಡ್ಡ ಪಾಲು ಜೀವ ಹಿಡಿದುಕೊಳ್ಳುವುದಕ್ಕೇ ಖರ್ಚಾಗುತ್ತದೆ. ಮೈ ತುಂಬುವುದು ಮಿಕ್ಕಿದ್ದರಲ್ಲಿ. ಹಾಗಾಗಿ ಮೇವು ತುಸು ತಗ್ಗಿದರೂ ಪೆಟ್ಟು ಬೀಳುವುದು ಬೆಳವಣಿಗೆಗೆ.

1974ರಲ್ಲಿ ಜೋನ್ಸ್ ಮತ್ತು ಸ್ಯಾಂಡ್‌ಲ್ಯಾಂಡ್ ಎಂಬುವರು ಹಲವು ಮೇಯಿಸುವ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದರು. ದನಗಳ ಸಂಖ್ಯೆ ಏರಿದಂತೆಲ್ಲ ತಲಾ ತೂಕದ ಏರಿಕೆ ನೇರ ಗೆರೆಯಂತೆ ಇಳಿಯುತ್ತದೆ. ಅದೇ ಗೆರೆಯ ಪ್ರಕಾರ, ಎಷ್ಟು ದನ ಬಿಟ್ಟರೆ ತೂಕದ ಏರಿಕೆ ಪೂರ್ತಿ ನಿಲ್ಲುತ್ತದೋ, ಅದರ ಅರ್ಧದಷ್ಟು ಬಿಟ್ಟಾಗ ಹೆಕ್ಟೇರಿಗೆ ಸಿಗುವ ಒಟ್ಟು ತೂಕ ಅತಿ ಹೆಚ್ಚು. ನಿನ್ನ ಹತ್ತು ಕಡಸುಗಳು ಆಗಲೇ ಆ ನಿಂತುಹೋಗುವ ಜಾಗಕ್ಕೆ ಬಂದಿವೆ ತಮ್ಮಾ, ಹದಿನೈದಾದರೆ ಎಲುಬು ಕಾಣುತ್ತದೆ.

ಹುಲ್ಲಿಗೂ ಉಸಿರಾಡಲು ಬಿಡು. ಅರ್ಧಕ್ಕಿಂತ ಹೆಚ್ಚು ಎಲೆ ಹೋದರೆ ಬೇರು ಬೆಳೆಯುವುದು ಕುಂಟುತ್ತದೆ, ಮತ್ತೆ ಚಿಗುರುವುದು ತಡವಾಗುತ್ತದೆ. ಜಂತುಹುಳುವಿನ ಮರಿಗಳೂ ಹೆಚ್ಚಾಗಿ ಬುಡದಲ್ಲೇ ಇರುತ್ತವೆ. ನೆಲಕ್ಕಂಟಿ ಮೇಯ್ದಷ್ಟೂ ಹೊಟ್ಟೆಗೆ ಸೇರುತ್ತವೆ. ಹಾಗೆಂದು ತೀರ ಕಡಿಮೆ ದನ ಬಿಟ್ಟು ಹುಲ್ಲನ್ನು ಬಲಿಯಲು ಬಿಡುವುದೂ ಸರಿಯಲ್ಲ. ಬಲಿತ ಹುಲ್ಲಿನಲ್ಲಿ ಪ್ರೋಟೀನ್ ಒಣತೂಕದ ಶೇಕಡಾ 7ಕ್ಕಿಂತ ಇಳಿದರೆ ಮೇವು ಕರಗಿಸುವ ಹೊಟ್ಟೆಯ ಸೂಕ್ಷ್ಮಜೀವಿಗಳೇ ಮಂಕಾಗಿ, ದನ ತಿನ್ನುವುದನ್ನೇ ಕಡಿಮೆ ಮಾಡುತ್ತದೆ.

ನಾಳೆಯೇ ಬಯಲನ್ನು ನಾಲ್ಕು ಪಾಲು ಮಾಡಿ ಬೇಲಿ ಹಾಕು. ಒಂದರಲ್ಲಿ ಮೇಯಿಸು, ಮೂರಕ್ಕೆ ಬಿಡುವು ಕೊಡು. ಎಲ್ಲವೂ ಚಿಗುರುವವರೆಗೆ ಒಣಮೇವು ಹಾಕು. ಎರಡು ವಾರಕ್ಕೊಮ್ಮೆ ಬೆಳಿಗ್ಗೆ, ನೀರು ಕುಡಿಸುವ ಮೊದಲು ತೂಕ ಮಾಡಿ ನನಗೆ ಬರೆದು ಕಳುಹಿಸು.