ಸರ್ಕಾರ ಹೇಳಿದರೆ ಉಪಗ್ರಹ ಸಂಸ್ಥೆ ವಾಹಿನಿಯೊಂದನ್ನು ನಿಲ್ಲಿಸಲೇಬೇಕೇ? ಯೂಟೆಲ್‌ಸ್ಯಾಟ್ ಪ್ರಕರಣಗಳ ಬಗ್ಗೆ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಪತ್ರಿಕೋದ್ಯಮದ ಸ್ನಾತಕೋತ್ತರ ಪದವಿಗಾಗಿ ಪ್ರಸಾರ ಕಾನೂನಿನ ಬಗ್ಗೆ ಪ್ರಬಂಧವೊಂದನ್ನು ಸಿದ್ಧಪಡಿಸುತ್ತಿದ್ದೇನೆ. 2022ರ ಡಿಸೆಂಬರ್ 14ರಂದು ಫ್ರಾನ್ಸಿನ ಪ್ರಸಾರ ನಿಯಂತ್ರಣ ಪ್ರಾಧಿಕಾರವಾದ ಆರ್ಕಾಮ್, ರಷ್ಯಾದ ರಾಸಿಯಾ 1, ಪೆರ್ವಿ ಕನಾಲ್ ಮತ್ತು ಎನ್‌ಟಿವಿ ವಾಹಿನಿಗಳನ್ನು ನಿಲ್ಲಿಸುವಂತೆ ಫ್ರಾನ್ಸಿನ ಉಪಗ್ರಹ ಸಂಸ್ಥೆ ಯೂಟೆಲ್‌ಸ್ಯಾಟ್‌ಗೆ ಸೂಚಿಸಿತು. ಯುಕ್ರೇನ್ ಯುದ್ಧ ಆರಂಭವಾಗಿ ಆಗಲೇ ಒಂಬತ್ತು ತಿಂಗಳು ಕಳೆದಿದ್ದವು. ಅಲ್ಲಿಯವರೆಗೆ ಆ ಸಂಸ್ಥೆ ತಾನು ತಟಸ್ಥವೆಂದೂ, ಅಧಿಕಾರವುಳ್ಳ ಪ್ರಾಧಿಕಾರ ಅಥವಾ ನ್ಯಾಯಾಲಯ ಹೇಳಿದರೆ ಮಾತ್ರ ಕ್ರಮ ಕೈಗೊಳ್ಳುವುದಾಗಿಯೂ ಹೇಳುತ್ತಿತ್ತು. ಆದರೆ 2012ರಲ್ಲಿ ಇರಾನಿನ ವಾಹಿನಿಗಳನ್ನು ನಿಲ್ಲಿಸುವಾಗ ಅದು ಇಷ್ಟು ಕಾದಂತೆ ಕಾಣುವುದಿಲ್ಲ. ಒಂದೇ ವಾಹಿನಿಯನ್ನು ಆರಿಸಿ ನಿಲ್ಲಿಸುವುದು ತಾಂತ್ರಿಕವಾಗಿ ಸಾಧ್ಯವೇ? ರಷ್ಯಾದ ವಾಹಿನಿಯ ಮೇಲೆ ಫ್ರಾನ್ಸಿನ ಪ್ರಾಧಿಕಾರಕ್ಕೆ ಅಧಿಕಾರ ಬಂದದ್ದು ಎಲ್ಲಿಂದ? ತಿಳಿದವರು ದಯವಿಟ್ಟು ವಿವರಿಸಿ.

ಉತ್ತರ 1

ನಾನು ಕೆಲವು ವರ್ಷ ಅಪ್‌ಲಿಂಕ್ ಕೇಂದ್ರವೊಂದರಲ್ಲಿ, ಅಂದರೆ ನೆಲದಿಂದ ಉಪಗ್ರಹಕ್ಕೆ ಸಂಕೇತ ಕಳುಹಿಸುವ ಕೇಂದ್ರದಲ್ಲಿ, ಕೆಲಸ ಮಾಡಿದವನು. ತಾಂತ್ರಿಕ ಭಾಗಕ್ಕಷ್ಟೇ ಉತ್ತರಿಸುತ್ತೇನೆ.

ಸಾಮಾನ್ಯ ಪ್ರಸಾರ ಉಪಗ್ರಹವು ನೆಲದಿಂದ ಬಂದ ಸಂಕೇತವನ್ನು ಹಿಡಿದು, ಅದರ ಆವರ್ತನವನ್ನು ಬದಲಿಸಿ, ಬಲಪಡಿಸಿ ಮತ್ತೆ ನೆಲಕ್ಕೆ ಕಳುಹಿಸುತ್ತದೆ. ಒಳಗೆ ಯಾವ ವಾಹಿನಿ ಇದೆ ಎಂಬುದು ಅದಕ್ಕೆ ಗೊತ್ತಿರುವುದಿಲ್ಲ. ನಮ್ಮ ಹಾಸನದ ಮುಖ್ಯ ನಿಯಂತ್ರಣ ಕೇಂದ್ರವನ್ನೇ ನೆನಪಿಸಿಕೊಳ್ಳಿ: ಅಲ್ಲಿಂದ ಉಪಗ್ರಹದ ಕಕ್ಷೆಯನ್ನೂ ಆರೋಗ್ಯವನ್ನೂ ನೋಡಿಕೊಳ್ಳುತ್ತಾರೆ, ಕಾರ್ಯಕ್ರಮಗಳು ಬೇರೆ ಊರುಗಳ ಭೂಕೇಂದ್ರಗಳಿಂದ ಮೇಲೇರುತ್ತವೆ. ಉಪಗ್ರಹದಲ್ಲಿ ಸಂಕೇತವನ್ನು ಹೀಗೆ ಹಿಡಿದು ಮರಳಿ ಕಳುಹಿಸುವ ಒಂದು ಘಟಕದಲ್ಲಿ, ಅಂದರೆ ಟ್ರಾನ್ಸ್‌ಪಾಂಡರಿನಲ್ಲಿ, ಹತ್ತಾರು ವಾಹಿನಿಗಳು ಒಂದೇ ಗೊಂಚಲಾಗಿ ಹೋಗುತ್ತವೆ, ಮತ್ತು ಆ ಗೊಂಚಲನ್ನು ಕಟ್ಟುವುದು ಟ್ರಾನ್ಸ್‌ಪಾಂಡರನ್ನು ಬಾಡಿಗೆಗೆ ಪಡೆದವರು. ಆದ್ದರಿಂದ ಉಪಗ್ರಹ ಸಂಸ್ಥೆಯ ಕೈಯಲ್ಲಿರುವುದು ಎರಡೇ ದಾರಿ. ಗೊಂಚಲಿನಿಂದ ಆ ವಾಹಿನಿಯನ್ನು ತೆಗೆಯುವಂತೆ ಬಾಡಿಗೆದಾರರಿಗೆ ಹೇಳಬೇಕು, ಅವರು ಕೇಳದಿದ್ದರೆ ಇಡೀ ಗೊಂಚಲನ್ನೇ ನಿಲ್ಲಿಸಬೇಕು.

ಇದು ಬರಿಯ ತರ್ಕವಲ್ಲ. 2004ರ ಡಿಸೆಂಬರ್ 13ರಂದು ಫ್ರಾನ್ಸಿನ ಅತ್ಯುನ್ನತ ಆಡಳಿತ ನ್ಯಾಯಾಲಯವಾದ ಕೊನ್ಸೇ ದೆತಾ, ಲೆಬನಾನಿನ ಅಲ್-ಮನಾರ್ ವಾಹಿನಿಯನ್ನು 48 ಗಂಟೆಗಳೊಳಗೆ ನಿಲ್ಲಿಸಬೇಕೆಂದು ಯೂಟೆಲ್‌ಸ್ಯಾಟ್‌ಗೆ ಆದೇಶಿಸಿತು. ಅರಬ್ ರಾಷ್ಟ್ರಗಳ ಉಪಗ್ರಹ ಸಂಸ್ಥೆಯಾದ ಅರಬ್‌ಸ್ಯಾಟ್ ಒದಗಿಸುತ್ತಿದ್ದ ಅದೇ ಗೊಂಚಲಿನಲ್ಲಿ ಬೇರೆ ಅರಬ್ ವಾಹಿನಿಗಳೂ ಇದ್ದವು. ಅವುಗಳೂ ಕತ್ತಲಾಗಬಾರದೆಂದು ಅಲ್-ಮನಾರ್ ಅನ್ನು ಗೊಂಚಲಿನಿಂದ ಹೊರತೆಗೆಯಲಾಯಿತು. ಆದ್ದರಿಂದ ‘ನಾವು ಬರಿಯ ಕೊಳವೆ’ ಎಂಬ ಮಾತಿನಲ್ಲಿ ಅರ್ಧ ಸತ್ಯವಿದೆ. ಕೊಳವೆಗೆ ಕವಾಟವೂ ಇರುತ್ತದೆ, ಆದರೆ ಅದನ್ನು ಮುಚ್ಚಿದರೆ ಪಕ್ಕದ ಮನೆಯ ನೀರೂ ನಿಲ್ಲುತ್ತದೆ.

ಉತ್ತರ 2

ಅಧಿಕಾರದ ಪ್ರಶ್ನೆಗೆ ಉತ್ತರ ಐರೋಪ್ಯ ಒಕ್ಕೂಟದ 2010ರ ದೃಶ್ಯ-ಶ್ರವ್ಯ ಮಾಧ್ಯಮ ನಿರ್ದೇಶನದ ಎರಡನೆಯ ವಿಧಿಯಲ್ಲಿದೆ. ಪ್ರಸಾರಕ ಒಕ್ಕೂಟದೊಳಗೆ ನೆಲೆಸಿಲ್ಲದಿದ್ದರೆ ಮೊದಲು ಅಪ್‌ಲಿಂಕ್ ಯಾವ ಸದಸ್ಯ ರಾಷ್ಟ್ರದಿಂದ ಆಗುತ್ತಿದೆ ಎಂದು ನೋಡಬೇಕು. ಅದೂ ಇಲ್ಲದಿದ್ದರೆ, ಬಳಸುತ್ತಿರುವ ಉಪಗ್ರಹ ಸಾಮರ್ಥ್ಯ ಯಾವ ರಾಷ್ಟ್ರಕ್ಕೆ ಸೇರಿದ್ದೋ ಆ ರಾಷ್ಟ್ರಕ್ಕೆ ಅಧಿಕಾರ ಸಲ್ಲುತ್ತದೆ. ಯೂಟೆಲ್‌ಸ್ಯಾಟ್ 1977ರಲ್ಲಿ ಅಂತರಸರ್ಕಾರಿ ಸಂಸ್ಥೆಯಾಗಿ ಆರಂಭವಾಗಿ 2001ರಲ್ಲಿ ಖಾಸಗಿ ಕಂಪನಿಯಾಯಿತು. ಅದರ ನೆಲೆ ಫ್ರಾನ್ಸ್ ಆದ್ದರಿಂದ ಹೊಣೆ ಅಲ್ಲಿಯ ಪ್ರಾಧಿಕಾರದ ಮೇಲೆ ಬೀಳುತ್ತದೆ.

2022ರ ಪ್ರಕರಣದಲ್ಲಿ ನನಗೆ ಅತ್ಯಂತ ಮುಖ್ಯವೆನಿಸುವುದು ಡಿಸೆಂಬರ್ 14 ಅಲ್ಲ, ಡಿಸೆಂಬರ್ 9. ಆರ್ಕಾಮ್ ಮೊದಲು ತನಗೆ ಅಧಿಕಾರವಿಲ್ಲವೆಂದು ಕೈಚೆಲ್ಲಿತ್ತು. ಅದನ್ನು ಪ್ರಶ್ನಿಸಿ ನ್ಯಾಯಾಲಯಕ್ಕೆ ಹೋದದ್ದು ಪತ್ರಿಕಾ ಸ್ವಾತಂತ್ರ್ಯಕ್ಕಾಗಿ ದುಡಿಯುವ ರಿಪೋರ್ಟರ್ಸ್ ವಿದೌಟ್ ಬಾರ್ಡರ್ಸ್ ಸಂಸ್ಥೆ. 9ರಂದು ಕೊನ್ಸೇ ದೆತಾ ಮರುಪರಿಶೀಲನೆಗೆ ಆದೇಶಿಸಿತು, ಐದೇ ದಿನಗಳಲ್ಲಿ ನಿರ್ಧಾರ ಬದಲಾಯಿತು. ಅಂದರೆ ಇಲ್ಲಿ ಸರ್ಕಾರ ಮುಂದೆ ನಿಂತು ಆಜ್ಞೆ ಮಾಡಲಿಲ್ಲ. ಹಿಂಜರಿಯುತ್ತಿದ್ದ ಪ್ರಾಧಿಕಾರವನ್ನು ನ್ಯಾಯಾಲಯ ಮುಂದಕ್ಕೆ ತಳ್ಳಿತು.

ಉತ್ತರ 3

ಮೇಲಿನ ಇಬ್ಬರ ಮಾತನ್ನೂ ಒಪ್ಪುತ್ತಲೇ, ಪ್ರಬಂಧದ ಗಮನ ಬೇರೆಡೆ ಇರಬೇಕೆಂದು ನನಗೆ ಅನಿಸುತ್ತದೆ. ವಾಹಿನಿಯನ್ನು ನಿಲ್ಲಿಸಿದ್ದು ಸರಿಯೇ ತಪ್ಪೇ ಎನ್ನುವುದಕ್ಕಿಂತ ಮೊದಲು, ಆದೇಶ ಎಲ್ಲಿದೆ, ಯಾರ ಸಹಿ ಇದೆ, ಅದನ್ನು ಎಲ್ಲಿ ಪ್ರಶ್ನಿಸಬಹುದು ಎಂದು ಕೇಳಿ.

2012ರ ಅಕ್ಟೋಬರ್‌ನಲ್ಲಿ ಪ್ರೆಸ್ ಟಿವಿ ಸೇರಿದಂತೆ ಇರಾನಿನ 19 ವಾಹಿನಿಗಳು ಯೂಟೆಲ್‌ಸ್ಯಾಟ್‌ನ ಹಾಟ್ ಬರ್ಡ್ ಉಪಗ್ರಹಗಳಿಂದ ಮರೆಯಾದಾಗ, ಆ ವರ್ಷದ ಮಾರ್ಚ್‌ನಲ್ಲಿ ಐರೋಪ್ಯ ಒಕ್ಕೂಟದ ನಿರ್ಬಂಧ ಪಟ್ಟಿಗೆ ಸೇರಿದ್ದವರು ಇರಾನಿನ ಪ್ರಸಾರ ಸಂಸ್ಥೆಯ ಮುಖ್ಯಸ್ಥ ಎಜ್ಜತೊಲ್ಲಾ ಜರ್ಘಾಮಿ ಎಂಬ ವ್ಯಕ್ತಿ. ವ್ಯಕ್ತಿಯ ಮೇಲಿನ ನಿರ್ಬಂಧ 19 ವಾಹಿನಿಗಳಿಗೆ ಹೇಗೆ ಹಬ್ಬಿತು ಎಂಬುದನ್ನು ಯಾವ ನ್ಯಾಯಾಲಯವೂ ಮುಂಚಿತವಾಗಿ ಪರಿಶೀಲಿಸಲಿಲ್ಲ. ಇರಾನ್ ಬಿಬಿಸಿ ಪರ್ಷಿಯನ್ ಪ್ರಸಾರಕ್ಕೆ ಅಡ್ಡಿಪಡಿಸುತ್ತಿದ್ದುದು ನಿಜವಾದ ಅಪರಾಧವೇ, ಅದನ್ನು ನಾನು ಹಗುರವಾಗಿ ಕಾಣುತ್ತಿಲ್ಲ. ಆದರೂ ಕಾರಣವನ್ನು ಕಾಗದದ ಮೇಲೆ ಬಿಡಿಸಿ ಬರೆಯಬೇಕಿತ್ತು.

ಇದಕ್ಕಿಂತ ಕಳವಳಕಾರಿಯಾದದ್ದು 2008ರ ಜೂನ್ ತಿಂಗಳ ಪ್ರಕರಣ. ಚೀನಾ ಸರ್ಕಾರವನ್ನು ಟೀಕಿಸುವ ಎನ್‌ಟಿಡಿಟಿವಿಯ ಏಷ್ಯಾ ಪ್ರಸಾರ ಯೂಟೆಲ್‌ಸ್ಯಾಟ್ ಉಪಗ್ರಹದಿಂದ ನಿಂತಿತು. ಉಪಗ್ರಹದ ವಿದ್ಯುತ್ ವ್ಯವಸ್ಥೆಯಲ್ಲಿ ದೋಷವಾಯಿತೆಂದು ಕಂಪನಿ ಹೇಳಿತು. ಚೀನಾವನ್ನು ಮೆಚ್ಚಿಸಲು ಹೀಗೆ ಮಾಡಲಾಗಿದೆ ಎಂದು ರಿಪೋರ್ಟರ್ಸ್ ವಿದೌಟ್ ಬಾರ್ಡರ್ಸ್ ಆರೋಪಿಸಿತು, ಕಂಪನಿ ಅದನ್ನು ನಿರಾಕರಿಸಿತು. ಅಲ್ಲಿ ಆದೇಶವೇ ಇರಲಿಲ್ಲವಾದ್ದರಿಂದ ಪ್ರಶ್ನಿಸಲು ಏನೂ ಉಳಿಯಲಿಲ್ಲ.

ನಮ್ಮಲ್ಲಿ ಇಂಥ ಕ್ರಮ ಉಪಗ್ರಹ ಸಂಸ್ಥೆಯ ಮೇಲಲ್ಲ, ವಾಹಿನಿಯ ಪರವಾನಗಿಯ ಮೇಲೆಯೇ ನಡೆಯುತ್ತದೆ. ಕೇರಳದ ಮೀಡಿಯಾ ಒನ್ ಪ್ರಕರಣದಲ್ಲಿ 2023ರ ಏಪ್ರಿಲ್ 5ರಂದು ಸುಪ್ರೀಂ ಕೋರ್ಟ್, ಕಾರಣಗಳನ್ನು ಮುಚ್ಚಿದ ಲಕೋಟೆಯಲ್ಲಿಟ್ಟು ವಾಹಿನಿಗೆ ತಿಳಿಸದೆ ಅನುಮತಿ ನಿರಾಕರಿಸುವುದು ಸಹಜ ನ್ಯಾಯಕ್ಕೆ ವಿರುದ್ಧವೆಂದು ಹೇಳಿತು. ಆ ತೀರ್ಪನ್ನು 2012ರ ಪ್ರಕರಣದ ಪಕ್ಕದಲ್ಲಿಟ್ಟು ಓದಿ ನೋಡಿ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಕೃತಜ್ಞತೆಗಳು. 2008ರ ಪ್ರಕರಣ ನನಗೆ ತಿಳಿದಿರಲಿಲ್ಲ. ಇಸವಿಗಳ ಕ್ರಮವನ್ನು ಬಿಟ್ಟು, ಲಿಖಿತ ಆದೇಶವಿದ್ದ ಪ್ರಕರಣಗಳನ್ನು ಒಂದು ಅಧ್ಯಾಯದಲ್ಲೂ ಇಲ್ಲದವನ್ನು ಇನ್ನೊಂದರಲ್ಲೂ ಇಟ್ಟು ಪ್ರಬಂಧವನ್ನು ಮತ್ತೆ ಜೋಡಿಸುತ್ತೇನೆ.